ಸಾಂಕ್ರಾಮಿಕದ ಸುದ್ದಿ ಬಂದಾಗ ಪ್ರಯಾಣ ವಿಮೆ: ಒಂದು ಪಾಲಿಸಿಯ ಪರಾಮರ್ಶೆ

2025ರ ಫೆಬ್ರವರಿಯಲ್ಲಿ ಕೀನ್ಯಾ ಮತ್ತು ತಾಂಜಾನಿಯಾಗಳಿಗೆ ಹೋಗಿಬರಲೆಂದು ನಮ್ಮ ಕುಟುಂಬ ಕೊಂಡಿದ್ದ ವಿದೇಶ ಪ್ರಯಾಣ ವಿಮೆಯನ್ನು ಕುರಿತ ಪರಾಮರ್ಶೆ ಇದು. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬೆಂಗಳೂರಿನ ಟ್ರಾವೆಲ್ ಏಜೆನ್ಸಿಗಳು ಟಿಕೆಟ್ಟು, ವೀಸಾಗಳ ಜೊತೆಗೆ ಸೇರಿಸಿ ಕೊಡುವ ಪಾಲಿಸಿಗಳಲ್ಲಿ ನಾನು ಓದಿ ನೋಡಿದವೆಲ್ಲ ಸಾಂಕ್ರಾಮಿಕ ರೋಗದ ವಿಷಯ ಬಂದಾಗ ಹೆಚ್ಚುಕಡಿಮೆ ಒಂದೇ ಮಾತನ್ನು ಆಡುತ್ತವೆ. ಹಾಗಾಗಿ ಓದುಗರಿಗೆ ಹೆಸರಿಗಿಂತ ಷರತ್ತುಗಳ ವಿವರವೇ ಹೆಚ್ಚು ಉಪಯೋಗಕ್ಕೆ ಬಂದೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಯಾಣಿಕನ ಮೈಗೆ ಕಾಯಿಲೆ ಬಂದರೆ ಈ ಪಾಲಿಸಿ ಜೊತೆಗೆ ನಿಲ್ಲುತ್ತದೆ. ಅವನು ಹೋಗಬೇಕಾದ ಊರಿಗೆ ಕಾಯಿಲೆ ಬಂದರೆ ನಿಲ್ಲುವುದಿಲ್ಲ. ಇವೆರಡೂ ಬೇರೆ ಬೇರೆ ಎಂಬುದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಪಾಲಿಸಿಯ ಮುಖ್ಯ ಅಂಶಗಳು ಹೀಗಿದ್ದವು. ವೈದ್ಯಕೀಯ ವೆಚ್ಚಕ್ಕೆ ತಲಾ 1 ಲಕ್ಷ ಡಾಲರ್ ರಕ್ಷಣೆ, ಪ್ರತಿ ಕ್ಲೇಮಿನಲ್ಲಿ ಮೊದಲ 100 ಡಾಲರ್ ನಮ್ಮದೇ ಹೊಣೆ, ಪ್ರವಾಸ ರದ್ದಾದರೆ 1,000 ಡಾಲರ್‌ವರೆಗೆ ಪರಿಹಾರ. ಲಗೇಜು ತಡವಾದರೆ, ಪಾಸ್‌ಪೋರ್ಟ್ ಕಳೆದರೆ ಸಿಗುವ ಸಣ್ಣಪುಟ್ಟ ಮೊತ್ತಗಳು ಬೇರೆ. ಯುರೋಪಿಗೆ ಹೋಗುವವರು ಷೆಂಗೆನ್ ವೀಸಾಕ್ಕಾಗಿ 30,000 ಯುರೋ ರಕ್ಷಣೆಯ ವಿಮೆಯನ್ನು ಕಡ್ಡಾಯವಾಗಿ ಕೊಳ್ಳಬೇಕಾಗಿರುವುದರಿಂದ, ನಮ್ಮಲ್ಲಿ ಬಹಳ ಮಂದಿಗೆ ಪ್ರಯಾಣ ವಿಮೆಯೆಂದರೆ ವೀಸಾ ಅರ್ಜಿಗೆ ಲಗತ್ತಿಸುವ ಒಂದು ಕಾಗದ ಅಷ್ಟೇ. ನಮ್ಮ ಭಾವನವರೂ ಹಾಗೆಯೇ ಭಾವಿಸಿದ್ದರು. ಆದರೆ ಆಫ್ರಿಕಾದ ಪ್ರವಾಸದಲ್ಲಿ ಅಪಾಯಕ್ಕೆ ಸಿಕ್ಕುವ ಹಣ ದೊಡ್ಡದು. ಫೆಬ್ರವರಿ ಎಂದರೆ ಸೆರೆಂಗೆಟಿಯ ದಕ್ಷಿಣದ ಎನ್ಡುಟು ಬಯಲಿನಲ್ಲಿ ವಿಲ್ಡಬೀಸ್ಟ್ ಎಂಬ ಹುಲ್ಲೆಗಳು ಕರು ಹಾಕುವ ಕಾಲ. ಆಗ ಅಲ್ಲಿನ ಡೇರೆ ಬಿಡಾರಗಳ ಬಾಡಿಗೆ ಏರಿರುತ್ತದೆ, ಮುಂಗಡ ಕೊಟ್ಟ ಹಣ ಹಿಂದಿರುಗುವುದಿಲ್ಲ. ನವೆಂಬರಿನಲ್ಲಿ ಮುಂಗಡ ಕಟ್ಟಿದಾಗಲೇ ನಾವು ಪಾಲಿಸಿಯನ್ನೂ ಕೊಂಡೆವು, ಏಕೆಂದರೆ ಪ್ರವಾಸ ರದ್ದತಿಯ ರಕ್ಷಣೆ ಕೊಂಡ ದಿನದಿಂದಲೇ ಚಾಲ್ತಿಗೆ ಬರುತ್ತದೆಂದು ಏಜೆನ್ಸಿಯವರು ಹೇಳಿದ್ದರು. ಅದು ನಿಜವಾದ ಮಾತು. ಯಾವ ಯಾವ ಕಾರಣಕ್ಕೆ ರದ್ದಾದರೆ ಎಂಬುದನ್ನು ಮಾತ್ರ ಅವರು ಹೇಳಿರಲಿಲ್ಲ.

2025ರ ಜನವರಿ 14ರಂದು ವಿಶ್ವ ಆರೋಗ್ಯ ಸಂಸ್ಥೆ ವಾಯವ್ಯ ತಾಂಜಾನಿಯಾದ ಕಗೇರಾ ಪ್ರಾಂತ್ಯದಲ್ಲಿ ಮಾರ್ಬರ್ಗ್ ಜ್ವರವೆಂದು ಶಂಕಿಸಲಾದ 9 ಪ್ರಕರಣಗಳು ಕಂಡುಬಂದಿವೆಯೆಂದೂ ಅವರಲ್ಲಿ 8 ಮಂದಿ ತೀರಿಕೊಂಡಿದ್ದಾರೆಂದೂ ಪ್ರಕಟಿಸಿತು. ಎಬೋಲಾ ವೈರಸ್ಸಿನ ಕುಟುಂಬಕ್ಕೇ ಸೇರಿದ ಈ ರೋಗಕ್ಕೆ 1967ರಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡ ಜರ್ಮನಿಯ ಮಾರ್ಬರ್ಗ್ ನಗರದ ಹೆಸರು ನಿಂತಿದೆ; ಉಗಾಂಡಾದಿಂದ ಪ್ರಯೋಗಾಲಯಗಳಿಗೆ ತರಿಸಿದ್ದ ಕೋತಿಗಳಿಂದ ಅದು ಅಲ್ಲಿನ ಸಿಬ್ಬಂದಿಗೆ ತಗುಲಿತ್ತು. ಹಣ್ಣು ತಿನ್ನುವ ಬಾವಲಿಗಳು ಅದರ ನೆಲೆ. ಮನುಷ್ಯರಲ್ಲಿ ಅದು ರೋಗಿಯ ರಕ್ತ, ವಾಂತಿ, ಬೆವರು ಮೊದಲಾದವುಗಳ ನೇರ ಸಂಪರ್ಕದಿಂದ ಹರಡುತ್ತದೆಯೇ ಹೊರತು ನೆಗಡಿಯಂತೆ ಗಾಳಿಯಲ್ಲಿ ಹರಡುವುದಿಲ್ಲ. ಮಂಜೂರಾದ ಲಸಿಕೆಯಾಗಲಿ ಔಷಧಿಯಾಗಲಿ ಇಲ್ಲದಿರುವುದರಿಂದ ಅದರ ಹೆಸರು ಕೇಳಿದರೇ ಜನ ಬೆಚ್ಚುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಯ ಬೆನ್ನಿಗೇ ತಾಂಜಾನಿಯಾದ ಆರೋಗ್ಯ ಸಚಿವಾಲಯ, ಪರೀಕ್ಷೆಗೆ ಒಳಪಡಿಸಿದ ಮಾದರಿಗಳಲ್ಲಿ ವೈರಸ್ ಸಿಕ್ಕಿಲ್ಲವೆಂದು ಹೇಳಿತು. ಜನವರಿ 20ರಂದು ರಾಷ್ಟ್ರಾಧ್ಯಕ್ಷೆ ಸಮಿಯಾ ಸುಲುಹು ಹಸನ್ ಅವರೇ ದೊಡೊಮಾದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕ ಟೆಡ್ರೋಸ್ ಅವರನ್ನು ಪಕ್ಕದಲ್ಲಿರಿಸಿಕೊಂಡು, ಒಂದು ಪ್ರಕರಣ ದೃಢಪಟ್ಟಿರುವುದನ್ನು ಪ್ರಕಟಿಸಿದರು.

ಆ ದಿನಗಳಲ್ಲಿ ಭಾವನವರು ಪ್ರವಾಸವೇ ಬೇಡವೆಂದು ಕುಳಿತರು. ಅಕ್ಕ ನನ್ನ ಕಡೆ ನೋಡಿದಳು, ನಾನು ಏಜೆನ್ಸಿಗೆ ಫೋನು ಮಾಡಿದೆ. ಅಲ್ಲಿನ ಯುವಕ ಸುತ್ತುಬಳಸಿಲ್ಲದೆ ಉತ್ತರಿಸಿದ: "ಸರ್, ನೀವಾಗೇ ಹೆದರಿ ಬಿಟ್ರೆ ಅದಕ್ಕೆ ಪಾಲಿಸಿಯಲ್ಲಿ ಏನೂ ಇಲ್ಲ. ಫ್ಲೈಟೇ ಬಿಡದಿದ್ರೆ ಆಗ ನೋಡೋಣ." ವಿಮಾ ಕಂಪನಿಯ ಸಹಾಯವಾಣಿಯವರು ಇದನ್ನೇ ಹೆಚ್ಚು ಮರ್ಯಾದೆಯ ಭಾಷೆಯಲ್ಲಿ ಹೇಳಿದರು. ಪಾಲಿಸಿಯ ಪ್ರಕಾರ ಪ್ರವಾಸ ರದ್ದತಿಗೆ ಒಪ್ಪತಕ್ಕ ಕಾರಣಗಳೆಂದರೆ ಪ್ರಯಾಣಿಕನ ಅಥವಾ ಹತ್ತಿರದ ಸಂಬಂಧಿಯ ಮರಣ, ಅವರು ಆಸ್ಪತ್ರೆಗೆ ದಾಖಲಾಗುವಷ್ಟು ತೀವ್ರವಾದ ಕಾಯಿಲೆ, ಭೂಕಂಪ ಪ್ರವಾಹಗಳಂಥ ಪ್ರಕೃತಿ ವಿಕೋಪ, ಮುಷ್ಕರ. ಹೋಗುವ ದೇಶದಲ್ಲಿ ರೋಗ ಕಾಣಿಸಿಕೊಂಡಿತೆಂಬುದು ಆ ಪಟ್ಟಿಯಲ್ಲಿ ಇಲ್ಲ. ಭಾರತ ಸರ್ಕಾರ ಆ ದೇಶಕ್ಕೆ ಹೋಗಬೇಡಿರೆಂದು ಸೂಚಿಸಿದರೆ ಪರಿಶೀಲಿಸಬಹುದೆಂದು ಅವರು ಸೇರಿಸಿದರು. ಆದರೆ ವಿಶ್ವ ಆರೋಗ್ಯ ಸಂಸ್ಥೆಯೇ ತಾಂಜಾನಿಯಾದೊಂದಿಗಿನ ಪ್ರಯಾಣಕ್ಕೆ ಯಾವ ನಿರ್ಬಂಧವೂ ಬೇಡವೆಂದು ಸಲಹೆ ಮಾಡಿದ್ದಾಗ ಅಂಥ ಸೂಚನೆಗಾಗಿ ಕಾಯುವುದರಲ್ಲಿ ಅರ್ಥವಿರಲಿಲ್ಲ.

ಇಲ್ಲಿಯವರೆಗಿನದನ್ನು ನಾನು ದೋಷವೆಂದು ಹೇಳಲಾರೆ. ಭಯಕ್ಕೆ ಬೆಲೆ ಕಟ್ಟುವುದು ಕಷ್ಟ. ಪತ್ರಿಕೆಯಲ್ಲಿ ಸುದ್ದಿ ಬಂದೊಡನೆ ಎಲ್ಲರಿಗೂ ಹಣ ಹಿಂದಿರುಗಿಸಬೇಕೆಂದರೆ ಯಾವ ಕಂಪನಿಯೂ ಇಷ್ಟು ಕಡಿಮೆ ಪ್ರೀಮಿಯಂಗೆ ವಿಮೆ ಮಾರಲಾರದು. ನನ್ನ ತಕರಾರು ಇರುವುದು ಪಾಲಿಸಿ ಪುಸ್ತಿಕೆಯ ಹಿಂಭಾಗದಲ್ಲಿ, ಸಣ್ಣ ಅಕ್ಷರದಲ್ಲಿ, ಹೊರಗಿಟ್ಟ ಸಂದರ್ಭಗಳ ಪಟ್ಟಿಯಲ್ಲಿ ಬರುವ ಎರಡು ವಾಕ್ಯಗಳ ಬಗ್ಗೆ.

ಮೊದಲನೆಯದು, ಪಾಲಿಸಿ ಕೊಳ್ಳುವ ದಿನಕ್ಕೆ ಮುಂಚೆಯೇ ಸಾರ್ವಜನಿಕವಾಗಿ ತಿಳಿದಿದ್ದ ಘಟನೆಯಿಂದ ಆದ ನಷ್ಟಕ್ಕೆ ಪರಿಹಾರವಿಲ್ಲವೆಂಬ ಷರತ್ತು. ಮನೆಗೆ ಬೆಂಕಿ ಬಿದ್ದ ಮೇಲೆ ವಿಮೆ ಕೊಳ್ಳಲು ಬಿಡುವುದಿಲ್ಲವೆಂಬ ಸರಳ ನ್ಯಾಯವೇ ಇದರ ಹಿಂದಿದೆ. ಆದರೆ ಸಾಂಕ್ರಾಮಿಕ ರೋಗಕ್ಕೆ ಬೆಂಕಿಯಂತೆ ಒಂದು ದಿನಾಂಕ ಇರುವುದಿಲ್ಲ. ನಾವು ಪಾಲಿಸಿ ಕೊಂಡ ನವೆಂಬರಿನಲ್ಲಿ ತಾಂಜಾನಿಯಾದ ನೆರೆಯ ರುವಾಂಡದಲ್ಲಿ ಮಾರ್ಬರ್ಗ್ ಇನ್ನೂ ಅಧಿಕೃತವಾಗಿ ಮುಗಿದಿರಲಿಲ್ಲ. 2024ರ ಸೆಪ್ಟೆಂಬರ್ 27ರಂದು ಘೋಷಣೆಯಾಗಿ 66 ಮಂದಿಗೆ ತಗುಲಿ 15 ಮಂದಿಯನ್ನು ಬಲಿ ತೆಗೆದುಕೊಂಡ ಆ ಪ್ರಕರಣ ಕೊನೆಗೊಂಡದ್ದು ಡಿಸೆಂಬರ್ 20ರಂದು. ಕಗೇರಾದಲ್ಲಂತೂ 2023ರಲ್ಲಿಯೇ ಒಮ್ಮೆ ಮಾರ್ಬರ್ಗ್ ಬಂದುಹೋಗಿತ್ತು. ಹಾಗಿದ್ದರೆ 2025ರ ಜನವರಿಯ ಸುದ್ದಿ ಹೊಸ ಘಟನೆಯೋ ಹಳೆಯದೋ? ಜನವರಿ 14ಕ್ಕೂ 20ಕ್ಕೂ ನಡುವೆ, ವಿಶ್ವ ಆರೋಗ್ಯ ಸಂಸ್ಥೆ ಉಂಟೆಂದೂ ಆ ದೇಶದ ಸರ್ಕಾರ ಇಲ್ಲವೆಂದೂ ಹೇಳುತ್ತಿದ್ದಾಗ ಪಾಲಿಸಿ ಕೊಂಡವನಿಗೆ ಅದು ತಿಳಿದಿತ್ತೆಂದು ಎಣಿಸಬೇಕೋ ಬೇಡವೋ? ಪುಸ್ತಿಕೆಯಲ್ಲಿ ಉತ್ತರವಿಲ್ಲ. ನಿರ್ಧಾರ ಕಂಪನಿಯ ವಿವೇಚನೆಗೆ ಬಿಟ್ಟದ್ದು.

ಎರಡನೆಯದು ಇನ್ನೂ ವಿಶಾಲವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯಾಗಲಿ, ಯಾವುದೇ ಸರ್ಕಾರವಾಗಲಿ ಸಾಂಕ್ರಾಮಿಕವೆಂದು ಘೋಷಿಸಿದ ರೋಗದಿಂದ, ನೇರವಾಗಿಯೋ ಪರೋಕ್ಷವಾಗಿಯೋ, ಉಂಟಾದ ಯಾವುದೇ ನಷ್ಟವೂ ಹೊರಗೆಂದು ಅಲ್ಲಿ ಬರೆದಿದೆ. ಕೋವಿಡ್‌ಗೆ ಮಾತ್ರ ಪ್ರತ್ಯೇಕ ವಿನಾಯಿತಿ. ಈ ವಾಕ್ಯವನ್ನು ಅಕ್ಷರಶಃ ಓದಿದರೆ ಏನಾಗುತ್ತದೆಂದು ನೋಡಿ. ಎಂಪಾಕ್ಸ್‌ಗೆ (ಮೊದಲು ಮಂಕಿಪಾಕ್ಸ್ ಎನ್ನುತ್ತಿದ್ದ ರೋಗ) ವಿಶ್ವ ಆರೋಗ್ಯ ಸಂಸ್ಥೆ 2024ರ ಆಗಸ್ಟ್ 14ರಂದು ಅಂತರರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿತ್ತು, 2025ರ ಸೆಪ್ಟೆಂಬರ್‌ವರೆಗೂ ಅದು ಜಾರಿಯಲ್ಲಿತ್ತು. ಎಂದರೆ ನಮ್ಮ ಪಾಲಿಸಿ ಹುಟ್ಟಿದ ದಿನವೇ ಎಂಪಾಕ್ಸ್ ಅದರಿಂದ ಹೊರಗಿತ್ತು. ಮಾರ್ಬರ್ಗ್‌ಗೆ ಅಂಥ ಜಾಗತಿಕ ಘೋಷಣೆ ಎಂದೂ ಆಗಲಿಲ್ಲ, ಆದರೆ ತಾಂಜಾನಿಯಾ ಸರ್ಕಾರ ಘೋಷಿಸಿತು. ಆದ್ದರಿಂದ ಅದೂ ಹೊರಗೆ. ಅಷ್ಟೇ ಏಕೆ, ನಮ್ಮ ಕರ್ನಾಟಕ ಸರ್ಕಾರವೇ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ತೊಟ್ಟಿ, ಟೈರುಗಳಲ್ಲಿ ಸೊಳ್ಳೆಮರಿ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದು ಅದರ ಒಂದು ಉದ್ದೇಶವಾಗಿತ್ತು. ಹಾಗಿರುವಾಗ, ಬೆಂಗಳೂರಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ವಿಮಾನ ಹತ್ತಿ, ನೈರೋಬಿಯಲ್ಲಿ ಇಳಿದ ಮೇಲೆ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದವನ ಬಿಲ್ಲನ್ನೂ ಇದೇ ವಾಕ್ಯವನ್ನು ಹಿಡಿದು ತಿರಸ್ಕರಿಸಬಹುದಲ್ಲವೆ? ಇದನ್ನು ನಾನು ಕಂಪನಿಗೆ ಲಿಖಿತವಾಗಿ ಕೇಳಿದೆ. ಮೊದಲು ಬಂದದ್ದು ಪಾಲಿಸಿಯ ಪ್ರತಿಯನ್ನೇ ಲಗತ್ತಿಸಿದ ಸಿದ್ಧ ಉತ್ತರ. ಮತ್ತೆ ಕೇಳಿದ ಮೇಲೆ, ಪ್ರತಿಯೊಂದು ಕ್ಲೇಮನ್ನೂ ಅದರ ವಾಸ್ತವಾಂಶಗಳ ಆಧಾರದ ಮೇಲೆ ಪರಿಶೀಲಿಸಲಾಗುವುದೆಂಬ ಒಂದು ಸಾಲು ಬಂತು. ಡೆಂಗಿಗೆ ಹಣ ಕೊಡುವುದಿಲ್ಲವೆಂದು ಅವರು ಹೇಳಲಿಲ್ಲ, ಕೊಡುತ್ತೇವೆಂದೂ ಹೇಳಲಿಲ್ಲ. ಈ ಪರಾಮರ್ಶೆಯಲ್ಲಿ ನಾನು ಅಂಕ ಕಡಿಯುವುದು ಮುಖ್ಯವಾಗಿ ಇದಕ್ಕೆ.

ಆರೋಗ್ಯ ವಿಮೆಯ ಗ್ರಾಹಕರಿಗೆ ಪಾಲಿಸಿಯ ಸಾರಾಂಶವನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಹಾಳೆಯೊಂದನ್ನು ಕೊಡಬೇಕೆಂದೂ, ಗ್ರಾಹಕ ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂದೂ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದೆ. ಪರಿಷ್ಕೃತ ರೂಪದಲ್ಲಿ ಇದು ಜಾರಿಗೆ ಬಂದದ್ದು 2024ರ ಜನವರಿಯಿಂದ. ನಮ್ಮ ಪ್ರಯಾಣ ಪಾಲಿಸಿಯ ಜೊತೆಗೂ ಅಂಥ ಹಾಳೆ ಬಂತು, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬೇಕೆಂದು ಕೇಳಿದ್ದಕ್ಕೆ ಪ್ರವಾಸ ಮುಗಿಸಿ ಬಂದ ಮೇಲೂ ಬರಲಿಲ್ಲ. ಅಕ್ಕನಿಗೆ ಇಂಗ್ಲಿಷ್ ಬರುತ್ತದೆ, ಆದರೆ ಕಾನೂನಿನ ಇಂಗ್ಲಿಷನ್ನು ಓದಿ ಅರ್ಥ ಮಾಡಿಕೊಳ್ಳಲು ಅವಳಿಗೆ ನಾನು ಬೇಕಾಯಿತು, ನನಗೆ ನನ್ನ ವಕೀಲ ಗೆಳೆಯರೊಬ್ಬರು ಬೇಕಾದರು.

ತಾಂಜಾನಿಯಾ ಮೊದಲು ಇಲ್ಲವೆಂದು ಹೇಳಿದ್ದಕ್ಕೆ ಭಾವನವರು ಸಿಟ್ಟಾಗಿದ್ದರು, "ಮುಚ್ಚಿಟ್ಟುಕೊಳ್ಳೋ ದೇಶಕ್ಕೆ ಯಾಕೆ ಹೋಗೋದು" ಎನ್ನುತ್ತಿದ್ದರು. ಅವರಿಗೆ ನಾನು ಸೂರತ್ತನ್ನು ನೆನಪಿಸಬೇಕಾಯಿತು. 1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಕೊಲ್ಲಿಯ ಹಲವು ದೇಶಗಳು ಭಾರತದ ವಿಮಾನಗಳನ್ನೇ ನಿಲ್ಲಿಸಿದ್ದವು, ಪ್ರವಾಸಿಗರು ಸಾಲುಸಾಲಾಗಿ ಬುಕಿಂಗ್ ರದ್ದು ಮಾಡಿದ್ದರು, ನಮ್ಮ ಸರಕುಗಳನ್ನೂ ಕೆಲವೆಡೆ ತಡೆಹಿಡಿಯಲಾಗಿತ್ತು. ಅಂದು ಮೈಸೂರು, ಹಂಪಿಗಳಿಗೆ ಬರಬೇಕಾದವರೂ ಸೂರತ್ ಎಲ್ಲಿದೆಯೆಂದು ನಕ್ಷೆ ತೆಗೆದು ನೋಡಲಿಲ್ಲ. ರೋಗವನ್ನು ಬೇಗ ಒಪ್ಪಿಕೊಂಡ ದೇಶಕ್ಕೆ ಪ್ರವಾಸೋದ್ಯಮದ ಪೆಟ್ಟು ಬೇಗ ಬೀಳುವವರೆಗೂ ಒಪ್ಪಿಕೊಳ್ಳಲು ಸರ್ಕಾರಗಳು ಮೀನಮೇಷ ಎಣಿಸುತ್ತವೆ. ರುವಾಂಡ ತಡಮಾಡದೆ ಹೇಳಿತು. ಅಮೆರಿಕ ಅಲ್ಲಿಗೆ ಅನಗತ್ಯ ಪ್ರಯಾಣ ಬೇಡವೆಂದು ತನ್ನ ನಾಗರಿಕರಿಗೆ ಸೂಚನೆ ಕೊಟ್ಟಿದ್ದಲ್ಲದೆ, ಅಲ್ಲಿಂದ ಬರುವವರನ್ನು ಗೊತ್ತಾದ ಮೂರೇ ವಿಮಾನ ನಿಲ್ದಾಣಗಳ ಮೂಲಕ ಬರುವಂತೆ ಮಾಡಿತು. ಅಮೆರಿಕದ ಈ ಸೂಚನೆಗಳನ್ನು ಅಲ್ಲಿನ ಕೆಲವು ವಿಮಾ ಕಂಪನಿಗಳು ಗಮನಿಸುತ್ತವೆ; ನಮ್ಮ ಪಾಲಿಸಿಗೆ ಮಾತ್ರ ಅವುಗಳಿಂದ ಏನೂ ಆಗುವುದಿಲ್ಲ.

ನಕ್ಷೆ ತೆಗೆದು ನೋಡಿದ್ದೇ ಕೊನೆಗೆ ಕೆಲಸಕ್ಕೆ ಬಂತು. ಕಗೇರಾ ಇರುವುದು ವಿಕ್ಟೋರಿಯಾ ಸರೋವರದ ಪಶ್ಚಿಮಕ್ಕೆ, ರುವಾಂಡ, ಬುರುಂಡಿ, ಉಗಾಂಡಾಗಳ ಗಡಿಗೆ ಹೊಂದಿಕೊಂಡು. ನಾವು ಹೋಗಬೇಕಿದ್ದ ಅರುಷಾ, ಎನ್ಡುಟು, ಜಾಂಜಿಬಾರ್‌ಗಳೆಲ್ಲ ಆ ಸರೋವರದ ಪೂರ್ವಕ್ಕಿವೆ. ನಡುವೆ ಸಮುದ್ರದಂಥ ನೀರು. ಮಾರ್ಬರ್ಗ್ ಕಗೇರಾದ ಬಿಹರಮುಲೋ ಜಿಲ್ಲೆಯನ್ನು ದಾಟಿ ದೊಡ್ಡದಾಗಿ ಹರಡಲಿಲ್ಲ. ಮಾರ್ಚ್ 13ರಂದು ಮುಗಿಯಿತೆಂದು ಘೋಷಿಸುವ ಹೊತ್ತಿಗೆ ದೃಢಪಟ್ಟವು 2, ಸಂಭಾವ್ಯವೆಂದು ಎಣಿಸಿದವು 8. ಆ ಹತ್ತೂ ಮಂದಿ ತೀರಿಕೊಂಡಿದ್ದರು. ಹತ್ತಕ್ಕೆ ಹತ್ತೂ ಸಾವು ಎಂಬುದು ಭಯಂಕರವೇ, ಆದರೆ ಸೆರೆಂಗೆಟಿಯ ಜೀಪಿನಲ್ಲಿ ಕುಳಿತವನಿಗೆ ಅದಕ್ಕಿಂತ ಮಲೇರಿಯಾ ಸಾವಿರ ಪಾಲು ಹತ್ತಿರದ ಅಪಾಯ. ಏಜೆನ್ಸಿಯವರು ದಿನಾಂಕ ಮುಂದೂಡಲು ಕೇಳಿದ ಶುಲ್ಕವೂ ಭಾವನವರ ಮನಸ್ಸನ್ನು ಬದಲಿಸಲು ನೆರವಾಯಿತೆಂದು ಹೇಳಿದರೆ ಅವರು ಬೇಸರಿಸಲಾರರು.

ಪಾಲಿಸಿಗಿಂತ ಹೆಚ್ಚು ನೆಚ್ಚಬಹುದಾದದ್ದು ಹಳದಿ ಜ್ವರದ ಲಸಿಕೆಯ ಕಾರ್ಡು. ಭಾರತದಲ್ಲಿ ಹಳದಿ ಜ್ವರವಿಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ಬೀದಿಬೀದಿಯಲ್ಲೂ ಇದೆ. ಹೊರಗಿನಿಂದ ವೈರಸ್ ಬಂದುಬಿಟ್ಟರೆ ತಡೆಯುವುದು ಕಷ್ಟವೆಂಬ ಕಾರಣಕ್ಕೆ, ಕೀನ್ಯಾ, ಇಥಿಯೋಪಿಯಾ, ಉಗಾಂಡಾ ಮೊದಲಾದ ದೇಶಗಳಿಂದ ಬರುವವರು ಸರಿಯಾದ ಪ್ರಮಾಣಪತ್ರ ತೋರಿಸದಿದ್ದರೆ ಅವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗೆ ಇದೆ. ಆ ದಿನಗಳ ಖರ್ಚಿಗೆ ವಿಮೆ ಬರುವುದಿಲ್ಲ. ನಗರದ ಸರ್ಕಾರಿ ಕೇಂದ್ರದಲ್ಲಿ ಲಸಿಕೆ ವಾರದ ಗೊತ್ತಾದ ದಿನಗಳಂದು ಮಾತ್ರ ಸಿಗುತ್ತದೆ. ಒಂದು ಸೀಸೆಯಲ್ಲಿ ಹಲವು ಡೋಸ್‌ಗಳಿದ್ದು, ಬೆರೆಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕಾಗಿರುವುದರಿಂದ ಜನರನ್ನು ಒಟ್ಟುಗೂಡಿಸಿ ಕೊಡುತ್ತಾರೆ. ನಮ್ಮ ಸಾಲಿನಲ್ಲಿ ನೈಜೀರಿಯಾಕ್ಕೆ ಕೆಲಸಕ್ಕೆ ಹೊರಟ ಹುಡುಗರು, ಹಡಗಿನ ನೌಕರರು, ಒಂದು ಮಧುಚಂದ್ರದ ಜೋಡಿ ಇದ್ದರು. ಅಲ್ಲಿನ ವೈದ್ಯರು ಭಾವನವರಿಗೆ ಅರವತ್ತು ದಾಟಿರುವುದನ್ನು ಪಾಸ್‌ಪೋರ್ಟಿನಲ್ಲಿ ನೋಡಿ ಪಕ್ಕಕ್ಕೆ ಕೂರಿಸಿದರು. ಆ ವಯಸ್ಸಿನವರಲ್ಲಿ ಈ ಜೀವಂತ ಲಸಿಕೆಯಿಂದ ಅಪರೂಪಕ್ಕೆ ತೀವ್ರ ತೊಂದರೆ ಆಗಬಹುದೆಂದು ವಿವರಿಸಿ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಮೊಟ್ಟೆ ತಿಂದರೆ ಅಲರ್ಜಿಯಿದೆಯೇ, ಥೈಮಸ್ ಗ್ರಂಥಿಯ ಕಾಯಿಲೆ ಇತ್ತೇ ಎಂದೆಲ್ಲ ಕೇಳಿ ಬರೆದುಕೊಂಡ ಮೇಲೆ ಚುಚ್ಚಿದರು. ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ, ನಂತರ ಕೈಬರಹದಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಲಸಿಕೆಯ ಬ್ಯಾಚು, ದಿನಾಂಕಗಳನ್ನು ತುಂಬಿ ಮೊಹರು ಹಾಕಿದ ಹಳದಿ ಕಾರ್ಡು ಕೊಟ್ಟರು. ಅದು 10 ದಿನಗಳ ನಂತರ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮದಂತೆ ಜೀವನಪೂರ್ತಿ ನಡೆಯುತ್ತದೆ. ಹಳೆಯ ಕಾರ್ಡುಗಳ ಮೇಲೆ 10 ವರ್ಷ ಎಂದು ಬರೆದಿದ್ದರೂ ಚಿಂತೆಯಿಲ್ಲ. ಇಡೀ ಪ್ರವಾಸದ ಸಿದ್ಧತೆಯಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ಬೆಲೆ ಬಂದದ್ದು ಇದೊಂದಕ್ಕೇ ಎಂದರೆ ತಪ್ಪಾಗದು.

ನೈರೋಬಿಯಿಂದ ರಸ್ತೆಯಲ್ಲಿ ಹೋಗಿ ನಮಂಗಾ ಗಡಿಯಲ್ಲಿ ತಾಂಜಾನಿಯಾ ಪ್ರವೇಶಿಸುವಾಗ ಮೊದಲು ಕೇಳಿದ್ದೇ ಆ ಕಾರ್ಡು. ಬಾಗಿಲಲ್ಲಿ ಜ್ವರ ಅಳೆಯುವ ಕ್ಯಾಮೆರಾ, ಮೇಜಿನ ಹಿಂದೆ ಒಬ್ಬ ಅಧಿಕಾರಿಣಿ. ಆಕೆ ನಮ್ಮ ಕಾರ್ಡಿನ ದಿನಾಂಕದ ಕಾಲಂ ಮೇಲೆ ಬೆರಳಿಟ್ಟು ಪಾಸ್‌ಪೋರ್ಟಿನ ಸಂಖ್ಯೆಯೊಂದಿಗೆ ಹೋಲಿಸಿ ನೋಡಿದರು. ವಿಮಾ ಪಾಲಿಸಿಯನ್ನು ಯಾರೂ ಕೇಳಲಿಲ್ಲ.

ಪಾಲಿಸಿಯ ಪರೀಕ್ಷೆ ಆದದ್ದು ಅರುಷಾದಲ್ಲಿ. ಅಕ್ಕನಿಗೆ ಸಂಜೆಯಿಂದ ಮೈಕೈ ನೋವು, ರಾತ್ರಿಗೆ ಜ್ವರ. ಮಾರ್ಬರ್ಗ್ ಶುರುವಾಗುವುದೂ ಹೀಗೆಯೇ, ಜ್ವರ ತಲೆನೋವುಗಳಿಂದ, ಸೋಂಕು ತಗುಲಿದ 2ರಿಂದ 21 ದಿನಗಳ ಒಳಗೆ. ಮಲೇರಿಯಾ ಶುರುವಾಗುವುದೂ ಹೀಗೆಯೇ, ಡೆಂಗಿಯೂ ಹೀಗೆಯೇ. ರಾತ್ರಿ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆವು. ಇಲ್ಲಿ ನಾನು ಅವರನ್ನು ಮನಸಾರೆ ಮೆಚ್ಚಬೇಕು. ಕೂಡಲೇ ಕರೆ ತೆಗೆದುಕೊಂಡರು, ವಯಸ್ಸು, ಔಷಧಿಗಳನ್ನು ಕೇಳಿದರು, ಹತ್ತಿರದ ಒಳ್ಳೆಯ ಆಸ್ಪತ್ರೆಯ ಹೆಸರು, ದಾರಿಗಳನ್ನು ವಾಟ್ಸಾಪಿನಲ್ಲಿ ಕಳಿಸಿದರು, ಅರ್ಧ ಗಂಟೆಯಲ್ಲಿ ತಾವೇ ಮತ್ತೆ ಫೋನು ಮಾಡಿ ತಲುಪಿದಿರೇ ಎಂದು ವಿಚಾರಿಸಿದರು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ ಕಗೇರಾ ಕಡೆಗೆ ಹೋಗಿದ್ದಿರಾ ಎಂಬುದು. ಇಲ್ಲವೆಂದ ಮೇಲೆ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಮಲೇರಿಯಾ ಪರೀಕ್ಷೆಯ ಪಟ್ಟಿಯ ಮೇಲೆ ಬಿಟ್ಟರು. ಒಂದೇ ಗೆರೆ ಮೂಡಿತು, ಎಂದರೆ ಮಲೇರಿಯಾ ಇಲ್ಲ. ಹೊಟ್ಟೆಯ ಸೋಂಕೆಂದು ಹೇಳಿ ಡ್ರಿಪ್ ಹಾಕಿ ಬೆಳಿಗ್ಗೆ ಕಳಿಸಿದರು. ಬಿಲ್ಲು 100 ಡಾಲರ್‌ಗಿಂತ ಕಡಿಮೆ ಬಂತು. ಮೊದಲ 100 ಡಾಲರ್ ನಮ್ಮ ಹೊಣೆಯಾದ್ದರಿಂದ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಭಾವನವರು ಅದನ್ನು ಇಂದಿಗೂ ಆಡಿಕೊಳ್ಳುತ್ತಾರೆ, ಆದರೆ ಆ ರಾತ್ರಿ ಗೊತ್ತಿಲ್ಲದ ಊರಿನಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೇಳಿದವರು ಆ ಸಹಾಯವಾಣಿಯವರೇ. ಪ್ರೀಮಿಯಂ ಅದಕ್ಕೇ ಸಂದಿತೆಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ. ಸ್ವಲ್ಪ ಹೆಚ್ಚು ಪ್ರೀಮಿಯಂ ಕೊಟ್ಟರೆ ಈ ಮೊದಲ ಮೊತ್ತದ ಹೊಣೆಯೇ ಇಲ್ಲದ ಪಾಲಿಸಿಗಳೂ ಸಿಗುತ್ತವೆ. ಪೂರ್ವ ಆಫ್ರಿಕಾದಲ್ಲಿ ಹೊರರೋಗಿ ಚಿಕಿತ್ಸೆಯ ಬಿಲ್ಲುಗಳು ಅಮೆರಿಕದಷ್ಟು ದೊಡ್ಡದಾಗಿರುವುದಿಲ್ಲವಾದ್ದರಿಂದ ಅಲ್ಲಿಗೆ ಹೋಗುವವರು ಅಂಥದನ್ನೇ ಆರಿಸಿಕೊಳ್ಳುವುದು ಮೇಲು.

ಜಾಂಜಿಬಾರ್‌ಗೆ ಹೋಗುವವರಿಗೆ ಇನ್ನೊಂದು ವಿಮೆಯ ವೆಚ್ಚವೂ ಇದೆ. 2024ರ ಅಕ್ಟೋಬರ್ 1ರಿಂದ ಅಲ್ಲಿಗೆ ಬರುವ ವಿದೇಶಿಯರೆಲ್ಲ ಜಾಂಜಿಬಾರ್ ವಿಮಾ ನಿಗಮದ ಪಾಲಿಸಿಯನ್ನು, ವಯಸ್ಕರಿಗೆ 44 ಡಾಲರ್ ಕೊಟ್ಟು, ಕೊಳ್ಳಲೇಬೇಕು. ನಮ್ಮಲ್ಲಿ ಎಷ್ಟೇ ದೊಡ್ಡ ಪಾಲಿಸಿ ಇದ್ದರೂ ಅದನ್ನು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಒಂದೇ ಅಪಾಯಕ್ಕೆ ಎರಡೆರಡು ಬಾರಿ ಹಣ ಕೊಡುವುದು ಮನಸ್ಸಿಗೆ ಒಪ್ಪುವುದಿಲ್ಲ, ಆದರೂ ದ್ವೀಪದಲ್ಲಿ ಆಸ್ಪತ್ರೆಯ ಖರ್ಚು, ತುರ್ತು ಸಾಗಣೆಗಳು ಅದರ ವ್ಯಾಪ್ತಿಯಲ್ಲಿವೆ. ಅಕ್ಕನ ಜ್ವರ ಅರುಷಾದ ಬದಲು ಅಲ್ಲಿ ಬಂದಿದ್ದರೆ ಕೇಳಿ ನೋಡಬಹುದಿತ್ತು. ಕಾಡಿನೊಳಗಿನ ಬಿಡಾರಗಳಲ್ಲಿ ಉಳಿಯುವವರು ತಿಳಿದಿರಬೇಕಾದ ಮೂರನೆಯ ಹೆಸರು ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಕೆಲಸ ಮಾಡುವ ಅಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್. 1957ರಲ್ಲಿ ಶುರುವಾದ ಈ ವೈಮಾನಿಕ ವೈದ್ಯಸೇವೆ ಪ್ರವಾಸಿಗರಿಗೆಂದೇ ಅಲ್ಪಾವಧಿ ಸದಸ್ಯತ್ವ ಕೊಡುತ್ತದೆ. ಬಯಲಿನ ಮಣ್ಣಿನ ರನ್‌ವೇಗೆ ವಿಮಾನ ಇಳಿಸಿ ರೋಗಿಯನ್ನು ನೈರೋಬಿಗೆ ಒಯ್ಯುತ್ತದೆ. ನಮ್ಮ ಬಿಡಾರದವರು ಅದನ್ನು ದರದಲ್ಲಿಯೇ ಸೇರಿಸಿದ್ದರು. ಭಾರತದಿಂದ ಕೊಂಡ ಪಾಲಿಸಿಯಲ್ಲಿಯೂ ತುರ್ತು ಸಾಗಣೆ ಇರುತ್ತದೆ, ಆದರೆ ಅದಕ್ಕೆ ಕಂಪನಿಯ ಪೂರ್ವಾನುಮತಿ ಬೇಕು, ಎನ್ಡುಟುವಿನಲ್ಲಿ ಫೋನಿನ ಸಿಗ್ನಲ್ ಬರಬೇಕು.

ವಿಮಾನ ಟಿಕೆಟ್ಟಿನ ಹಣದ ವಿಷಯ ಬೇರೆ. ವಿಮಾನ ಸಂಸ್ಥೆ ತಾನೇ ಹಾರಾಟ ರದ್ದು ಮಾಡಿದರೆ ಹಣ ಹಿಂದಿರುಗಿಸಬೇಕು ಇಲ್ಲವೇ ಬದಲಿ ವಿಮಾನ ಕೊಡಬೇಕು. ನಾವೇ ರದ್ದು ಮಾಡಿದರೆ ಟಿಕೆಟ್ಟಿನ ಷರತ್ತೇ ಕೊನೆಯ ಮಾತು. ಹಾಗಾಗಿ ರೋಗದ ಸುದ್ದಿ ಬಂದಾಗ ಮೊದಲು ರದ್ದು ಮಾಡುವವನು ಕಳೆದುಕೊಳ್ಳುತ್ತಾನೆ. 2020ರ ಮಾರ್ಚಿನಲ್ಲಿ ಇದನ್ನು ಎಷ್ಟೋ ಮಂದಿ ಅನುಭವಿಸಿದರು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಾಗತಿಕ ಸಾಂಕ್ರಾಮಿಕವೆಂದು ಹೇಳಿದ ಕೂಡಲೇ ಟಿಕೆಟ್ ರದ್ದು ಮಾಡಿದವರು ದಂಡ ತೆತ್ತರು. ಆ ತಿಂಗಳ ಮೂರನೆಯ ವಾರದ ಕೊನೆಯಲ್ಲಿ ಅಂತರರಾಷ್ಟ್ರೀಯ ಹಾರಾಟಗಳನ್ನೇ ನಿಲ್ಲಿಸುವವರೆಗೆ ಸುಮ್ಮನಿದ್ದವರಿಗೆ ಹಕ್ಕು ಉಳಿಯಿತು. ಆ ಹಕ್ಕಿಗಾಗಿಯೂ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2020ರ ಅಕ್ಟೋಬರ್ 1ರ ತೀರ್ಪು ಬಂದ ಮೇಲೆಯೇ ಲಾಕ್‌ಡೌನ್ ಕಾಲದ ಟಿಕೆಟ್ಟುಗಳ ಮರುಪಾವತಿಗೂ, ಹಣವಿಲ್ಲದ ಸಂಸ್ಥೆಗಳು ಮರುಪಾವತಿಯ ಬದಲು 2021ರ ಮಾರ್ಚ್ 31ರವರೆಗೆ ಬೇರೆ ಟಿಕೆಟ್ಟಿಗೆ ಬಳಸಿಕೊಳ್ಳಲು ಪ್ರಯಾಣಿಕರ ಹೆಸರಿಗೆ ಕೊಡಬಹುದಾದ ಜಮಾ ವ್ಯವಸ್ಥೆಗೂ ಒಂದು ಕ್ರಮ ಬಂತು.

ಅಮೆರಿಕದಲ್ಲಿರುವ ನಮ್ಮ ಸೋದರ ಸಂಬಂಧಿಗಳು ಕೊಳ್ಳುವ ಪಾಲಿಸಿಗಳಲ್ಲಿ ಯಾವುದೇ ಕಾರಣಕ್ಕೆ ಪ್ರವಾಸ ರದ್ದು ಮಾಡಬಹುದಾದ ಹೆಚ್ಚುವರಿ ರಕ್ಷಣೆಯೊಂದು ಸಿಗುತ್ತದೆ. ಮೊದಲ ಮುಂಗಡ ಕಟ್ಟಿದ ಎರಡು ಮೂರು ವಾರಗಳೊಳಗೆ ಕೊಳ್ಳಬೇಕು, ಹೊರಡುವ ಒಂದೆರಡು ದಿನ ಮುಂಚೆಯೇ ರದ್ದು ಮಾಡಬೇಕು, ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಭಾಗ ಹಣ ಮರಳುತ್ತದೆ. ಭಾವನವರ ಭಯಕ್ಕೆ ಸರಿಯಾದ ಮದ್ದು ಅದೇ ಆಗಿತ್ತು. ನಾವು ವಿಚಾರಿಸಿದ ಏಜೆನ್ಸಿಗಳಲ್ಲಿ ಪೂರ್ವ ಆಫ್ರಿಕಾಕ್ಕೆ ಅಂಥದನ್ನು ಯಾರೂ ತೋರಿಸಲಿಲ್ಲ. ಅದಿಲ್ಲದಿರುವವರೆಗೆ, ಸ್ವಲ್ಪ ಹೆಚ್ಚು ಬಾಡಿಗೆಯಾದರೂ ರದ್ದು ಮಾಡಬಹುದಾದ ಕೋಣೆಗಳನ್ನೇ ಕಾಯ್ದಿರಿಸುವುದು, ಮುಂಗಡವನ್ನು ಒಂದೇ ಕಂತಿನಲ್ಲಿ ಕಟ್ಟದಿರುವುದು ಯಾವ ಪಾಲಿಸಿಗಿಂತಲೂ ಹೆಚ್ಚು ಹಣ ಉಳಿಸುತ್ತದೆ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ವೈದ್ಯಕೀಯ ನೆರವಿಗೆ ನಾಲ್ಕೂವರೆ ಕೊಡಬಹುದಿತ್ತು. ಸಾಂಕ್ರಾಮಿಕದ ಷರತ್ತಿನ ಭಾಷೆಗೆ ಒಂದಕ್ಕಿಂತ ಹೆಚ್ಚು ಕೊಡಲಾರೆ. ಕೊಳ್ಳುವವರು ಏಜೆನ್ಸಿಯ ಮಾತನ್ನು ನೆಚ್ಚದೆ ಕಂಪನಿಗೇ ನೇರವಾಗಿ ಬರೆದು ಕೇಳಬೇಕು: ಹೋಗುವ ದೇಶದಲ್ಲಿ ಈಗ ಘೋಷಿತವಾಗಿರುವ ಇಂಥ ಇಂಥ ರೋಗ ನನಗೇ ತಗುಲಿದರೆ ಚಿಕಿತ್ಸೆಯ ವೆಚ್ಚ ಕೊಡುತ್ತೀರಾ, ನನ್ನನ್ನು ಪ್ರತ್ಯೇಕವಾಗಿ ಇರಿಸಿದರೆ ಆ ದಿನಗಳ ವಸತಿಗೆ ಕೊಡುತ್ತೀರಾ, ನಮ್ಮ ರಾಜ್ಯದಲ್ಲಿ ಅಧಿಸೂಚಿತವಾದ ಡೆಂಗಿಯನ್ನು ಹೊರಗಿಡುತ್ತೀರಾ. ಉತ್ತರ ಇಮೇಲಿನಲ್ಲಿ ಬಂದಿದ್ದರೆ, ಮುಂದೆ ಕ್ಲೇಮ್ ತಿರಸ್ಕೃತವಾದಾಗ ಅದು ಸಾಕ್ಷ್ಯವಾಗುತ್ತದೆ. ಕಂಪನಿಯ ದೂರು ವಿಭಾಗ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ) ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.